ದೂಮಜ್ಜನ ಖಾಲಿ ಎಲೆ

ಹೊರಡುವ ಮುಂಚೆ

ದೂಮಜ್ಜ ಮನೆ ಬಿಟ್ಟದ್ದು ಬೆಳಗ್ಗೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಸಂಜೆ ಎಂದು ಅಜ್ಜಿಯ ತಂಗಿ. ಬೆಳಗಿನ ಕಥೆಯಲ್ಲಿ ಅಂಗಳದ ತುಂಬ ಬೂತಾಯಿ ಮೀನು ಒಣಗುತ್ತಿತ್ತು. ಸಂಜೆಯ ಕಥೆಯಲ್ಲಿ ಒಂದು ನಾಯಿ ಹೊಳೆಯ ದಡದ ತನಕ ಹಿಂದೆ ಹೋಗಿತ್ತು. ಹೇಳಿದ ಇಬ್ಬರೂ ಆಗ ಹುಟ್ಟಿರಲಿಲ್ಲ. ಈ ಪ್ರಯಾಣದ ಬಗ್ಗೆ ಬರೆಯಲು ಕೂತ ಮೊದಲ ಸಲ ನಾನು ಮೀನು, ನಾಯಿ ಎರಡನ್ನೂ ಸೇರಿಸಿ ಒಂದು ಚಂದದ ಪುಟ ಬರೆದೆ. ಓದುತ್ತಿದ್ದಂತೆ ನನಗೇ ಕಣ್ಣು ತುಂಬಿತು. ಆಗಲೇ ಅನುಮಾನ ಬಂದು ಹರಿದು ಹಾಕಿದೆ.

ಉಳಿದದ್ದು ಸ್ವಲ್ಪ. ದೂಮಜ್ಜ ನನ್ನ ಅಜ್ಜಿಯ ಸೋದರಮಾವ. ನಮ್ಮದು ಕಡಲ ದಡದ ಅಳಿಯಸಂತಾನದ ಮನೆ. ವಂಶ ತಾಯಿಯ ಕಡೆಯಿಂದ ಇಳಿದು ಬರುತ್ತದೆ, ಮನೆಗೆ ಯಜಮಾನನಾಗುವವನು ಮಾವ. ಬ್ರಿಟಿಷರ ಕಾಲದಲ್ಲಿ ಮರ ಮತ್ತು ತೆಂಗಿನ ನಾರಿನ ಹಗ್ಗ ಕೊಳ್ಳಲು ಮಂಗಳೂರಿಗೆ ಬರುತ್ತಿದ್ದ ಅರಬರ ಹಾಯಿಹಡಗೊಂದನ್ನು ಹತ್ತಿ ಅವನು ಕುವೈತಿಗೆ ಹೋದ. ಹಡಗಿನ ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಉಳಿಯಿಟ್ಟು ಬಡಿದು, ನೀರು ನುಗ್ಗದ ಹಾಗೆ ಮಾಡುವುದು ಅವನ ಕಸುಬು. ಹೋದಾಗ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲವಂತೆ. ಅಜ್ಜ ಎಂದು ಕರೆದು ಅವನಿಗೆ ವಯಸ್ಸಾಗಿಸಿದವರು ನಾವು. ಅಂಗಳದಲ್ಲಿ ನಿಂತು ತಂಗಿಗೆ, ಎಂದರೆ ನನ್ನ ಮುತ್ತಜ್ಜಿಗೆ, "ಪೋದು ಬರ್ಪೆ" ಎಂದ. ಹೋಗಿ ಬರುತ್ತೇನೆ. ಎರಡೂ ಕಥೆಗಳು ಒಪ್ಪುವುದು ಈ ಒಂದು ಮಾತನ್ನು. ಬರಲಿಲ್ಲ.

ಆಗ ಆ ದಡದಲ್ಲೂ ಈ ದಡದಲ್ಲೂ ಬ್ರಿಟಿಷರ ಕಣ್ಣಿತ್ತು, ನಮ್ಮ ರೂಪಾಯಿಯೇ ಅಲ್ಲಿಯೂ ನಡೆಯುತ್ತಿತ್ತು. ಆದರೆ ಹತ್ತಿ ತುರುಕುವವನೊಬ್ಬನ ಹೆಸರನ್ನು ಬರೆದಿಡುವ ಅಗತ್ಯ ಯಾರಿಗೂ ಕಂಡಂತಿಲ್ಲ. ಕಾಗದಪತ್ರಗಳ ಆಸೆಯನ್ನು ನಾನು ಹೊರಡುವ ಮುಂಚೆಯೇ ಬಿಟ್ಟಿದ್ದೆ.

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಯ ಒಳಕೋಣೆಯಲ್ಲಿ ಸತ್ತವರಿಗೆ ಬಡಿಸುತ್ತೇವೆ. ಸಾಲಾಗಿ ಬಾಳೆಲೆ, ಪ್ರತಿ ಎಲೆಗೆ ಅನ್ನ, ಕೋಳಿ ಪದಾರ್ಥ, ಪಕ್ಕದಲ್ಲಿ ಶೇಂದಿ. ಉಪ್ಪು ಮಾತ್ರ ಬಡಿಸುವುದಿಲ್ಲ. ಎಲೆಯ ತುದಿಗೆ ಉಪ್ಪು ಹಾಕುವುದು ಬದುಕಿದ್ದವರಿಗೆ ಎಂಬುದು ನಮ್ಮ ಮನೆಯ ಕ್ರಮ. ಬಡಿಸಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ, ಅವರು ಉಣ್ಣಲಿ ಎಂದು. ಸಾಲಿನ ಕೊನೆಗೆ, ತುಸು ಜಾಗ ಬಿಟ್ಟು, ದೂಮಜ್ಜನ ಎಲೆ. ಅದಕ್ಕೆ ಏನನ್ನೂ ಬಡಿಸುವುದಿಲ್ಲ. ಅವನು ತೀರಿಹೋದ ಎಂದು ಯಾರೂ ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ. ಸುದ್ದಿ ಬಾರದೆ ಬಡಿಸಿದರೆ ಇದ್ದವನನ್ನು ಕೊಂದ ಹಾಗೆ, ಎಲೆಯನ್ನೇ ಹಾಕದಿದ್ದರೆ ಮರೆತ ಹಾಗೆ. ಆದ್ದರಿಂದ ಖಾಲಿ ಎಲೆ. ನನ್ನ ಮುತ್ತಜ್ಜಿ ಶುರು ಮಾಡಿದ್ದು, ಈಗ ಚಿಕ್ಕಮ್ಮನ ಕೈಯಲ್ಲಿದೆ.

ಚಿಕ್ಕಮ್ಮನ ಮೊಣಕಾಲು ಈಗ ಮಡಚುವುದಿಲ್ಲ. ಅವಳ ಹೆಣ್ಣುಮಕ್ಕಳು ಸತ್ತವರೆಂದು ಗೊತ್ತಿದ್ದವರಿಗೆ ಬಡಿಸಲು ಒಪ್ಪಿದ್ದಾರೆ, ಖಾಲಿ ಎಲೆಯ ಕತೆ ನಮ್ಮಿಂದಾಗದು ಎಂದಿದ್ದಾರೆ. ಕುವೈತಿನಲ್ಲಿರುವ ಅವಳ ದೊಡ್ಡ ಮಗಳು ಸುಮತಿ ನನ್ನನ್ನು ಬಾ ಬಾ ಎಂದು ಕರೆಯುತ್ತಿದ್ದಳು. ನಾನು ಹೊರಡುವುದು ಗೊತ್ತಾದ ದಿನ ಚಿಕ್ಕಮ್ಮ ನನ್ನನ್ನು ಜಗಲಿಯಲ್ಲಿ ಕೂರಿಸಿದಳು.

"ಅಲ್ಲಿ ಯಾರದಾದ್ರೂ ಬಾಯಿಂದ ಕೇಳಿಕೊಂಡು ಬಾ ಮಗಾ. ತೀರಿಹೋದ್ರು ಅಂತ ಒಂದು ಮಾತು. ನಾನಿರುವಾಗ್ಲೇ ಅವರನ್ನು ಸಾಲಿಗೆ ಸೇರಿಸ್ತೇನೆ. ಇಲ್ಲದಿದ್ರೆ ನನ್ನ ನಂತರ ಅವರಿಗೆ ಈ ಮನೆಯಲ್ಲಿ ಎಲೆಯೇ ಇಲ್ಲ."

"ಚಿಕ್ಕಮ್ಮ, ಬದುಕಿದ್ರೆ ಅವರಿಗೆ ಈಗ ನೂರರ ಮೇಲೆ ಎಷ್ಟೋ ಆಗ್ತದೆ."

"ವಯಸ್ಸು ನಾನು ಕೇಳ್ಲಿಲ್ಲ."

"ಅಲ್ಲಿ ಮದುವೆ ಆಗಿ ಮಕ್ಕಳಿದ್ರೆ?"

"ಇದ್ರೆ ಇರ್ಲಿ. ಆ ಮಕ್ಕಳು ಅವರ ತಾಯಿಯ ಮನೆಯವರು. ನಮಗೆ ಬೇಕಾದ್ದು ಮಾವ."

ಖೈತಾನ್

ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿಗೇ ಒಂದಷ್ಟು ಸೋರಿಹೋಯಿತು ಎಂದು ಓದುವವರು ತಿಳಿದುಕೊಂಡರೆ ಒಳ್ಳೆಯದು.

ಸುಮತಿಯ ಮನೆ ಕುವೈತಿನ ಖೈತಾನಿನಲ್ಲಿ. ಕೆಳಗೆ ಟೈಲರ ಅಂಗಡಿ, ಕೇರಳದ ಚಹಾ ಅಂಗಡಿ, ಶಾಲೆ ಬಿಟ್ಟ ಮಕ್ಕಳ ಗಲಾಟೆ. ಮೇಲಿನ ಮಹಡಿಯ ಬಾಲ್ಕನಿಯಲ್ಲಿ ನಿಂತರೆ ಎದುರು ಕಟ್ಟಡದ ಬಾಲ್ಕನಿ, ಅದರಲ್ಲಿ ನಿಂತವರು ನಮ್ಮನ್ನು ನೋಡುತ್ತಾರೆ. ಬಂದ ಮರುದಿನವೇ ಸೀರೆ ಒಗೆದು ಅಲ್ಲಿ ಹರವಿದೆ. ಊರಿನಲ್ಲಿ ಬಟ್ಟೆ ಒಣಗಿಸಲು ನಾವು ಆಕಾಶದ ಮುಖ ನೋಡುತ್ತೇವೆ. ಅಲ್ಲಿ ಮುಖವೇ ಇರಲಿಲ್ಲ. ಮಧ್ಯಾಹ್ನ ಒಂದು ಕಂದು ಗೋಡೆ ಎದ್ದು ಬಂದು ಬೀದಿಯನ್ನು, ಕಟ್ಟಡವನ್ನು, ನನ್ನ ಸೀರೆಯನ್ನು ನುಂಗಿತು. ತೆಗೆದಾಗ ಸೀರೆ ಗರಿಗರಿಯಾಗಿ ಒಣಗಿತ್ತು, ಕೊಡವಿದರೆ ಅರ್ಧ ಮರುಭೂಮಿ ಉದುರಿತು. ದಿಶಾ ನಗುತ್ತ ಫೋಟೋ ತೆಗೆದಳು. ಸುಮತಿಯ ಮಗಳು, ಕಾಲೇಜಿಗೆ ಹೊರಡುವ ತಯಾರಿಯಲ್ಲಿದ್ದಾಳೆ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಊಟಕ್ಕೆ ಕೂತಾಗ ನಾನು ಬಂದ ಕೆಲಸ ಹೇಳಿದೆ. ಸುಮತಿಯ ಗಂಡ ಜಯಂತ ಹೋಟೆಲೊಂದರ ಲೆಕ್ಕಪತ್ರದ ವಿಭಾಗದಲ್ಲಿದ್ದಾನೆ.

"ದೂಮಜ್ಜನಿಗೆ ಇಕಾಮಾ ಇತ್ತಾ ಅತ್ತಿಗೆ?" ಎಂದ. ಇಕಾಮಾ ಎಂದರೆ ಅಲ್ಲಿ ವಾಸಕ್ಕಿರುವ ಅನುಮತಿ. ಅದಿಲ್ಲದವನು ಅಲ್ಲಿ ಉಸಿರಾಡುವುದೂ ತಪ್ಪು. "ಇಲ್ಲದಿದ್ರೆ ಹುಡುಕಬೇಡಿ. ಇಷ್ಟು ವರ್ಷದ ಓವರ್‌ಸ್ಟೇ ದಂಡ ನನ್ನ ತಲೆಗೆ ಬರ್ತದೆ."

"ಸೋ ಹೀ ವಾಸ್ ದ ಫಸ್ಟ್ ಗಲ್ಫ್ ಅಂಕಲ್," ಎಂದಳು ದಿಶಾ. "ಡಿಡ್ ಹೀ ಸೆಂಡ್ ಚಾಕ್ಲೇಟ್ಸ್?"

ನಕ್ಕೆವು. ಸುಮತಿ ನಗಲಿಲ್ಲ. ಸಾರು ಬಡಿಸುತ್ತ, "ಅಮ್ಮನದ್ದೊಂದು ಹಠ," ಎಂದಳು. "ಇಲ್ಲಿ ಬಾಳೆಲೆಯನ್ನು ಪ್ಲಾಸ್ಟಿಕಿನಲ್ಲಿ ಸುತ್ತಿ ಮಾರ್ತಾರೆ ಅಕ್ಕ. ನಾನು ಅದನ್ನು ತಂದು, ಈ ಅಡುಗೆಮನೆಯಲ್ಲಿ ಹಾಸಿ, ಏನೂ ಬಡಿಸದೆ ಎತ್ತಿ ಕಸದ ಬುಟ್ಟಿಗೆ ಹಾಕ್ಬೇಕು. ನೋಡಿದವರು ಏನಂತಾರೆ?" ಆಮೇಲೆ ಸೌಟನ್ನು ಪಾತ್ರೆಗಿಟ್ಟು, "ಸತ್ತದ್ದು ಅಂತ ಗೊತ್ತಾದ್ರೆ ಬಡಿಸ್ತೇನೆ. ಖಂಡಿತ ಬಡಿಸ್ತೇನೆ," ಎಂದಳು.

ಊರಿನಲ್ಲಿ ಈ ಮಾತು ಕೇಳಿದ್ದರೆ ನನಗೆ ಕೋಪ ಬರುತ್ತಿತ್ತು. ಇಲ್ಲಿ, ಅವಳು ಬಾಲ್ಕನಿಯ ಧೂಳಿನಲ್ಲಿ ಬಸಳೆಯನ್ನು ಕುಂಡದಲ್ಲಿ ಬೆಳೆಸಿ ಎಲೆ ಎಣಿಸುವ ಹಾಗೆ ಜೋಪಾನ ಮಾಡುವುದನ್ನು ನೋಡಿದ ಮೇಲೆ, ಬರಲಿಲ್ಲ.

ಸಬ್ಹಾನ್

ಜಯಂತ ನನ್ನನ್ನು ರಝಾಕ್ ಅವರಿಗೆ ಒಪ್ಪಿಸಿದ. ಊರಿನಲ್ಲಿ ನೇತ್ರಾವತಿಯ ದಡದ ಬ್ಯಾರಿ ಮುಸಲ್ಮಾನರು, ಇಲ್ಲಿ ಸಬ್ಹಾನಿನ ಪ್ಲೈವುಡ್ ಗೋದಾಮೊಂದನ್ನು ನೋಡಿಕೊಳ್ಳುತ್ತಾರೆ. ಕೂದಲು ಇಲ್ಲಿಯೇ ಬೆಳ್ಳಗಾದದ್ದು. ಸಬ್ಹಾನ್ ಎಂದರೆ ಕಾರ್ಖಾನೆ, ಗೋದಾಮು, ಕಾರ್ಮಿಕರ ಬಿಡಾರ. ಆದರೆ ರಝಾಕರ ಗೋದಾಮಿನೊಳಗೆ ಕಾಲಿಟ್ಟ ಕೂಡಲೇ ಮರದ ವಾಸನೆ ಮುಖಕ್ಕೆ ಬಡಿಯಿತು. ಕ್ಷಣ ಹೊತ್ತು ನಾನು ಮಂಗಳೂರಿನ ಹಳೆ ಬಂದರಿನ ಮರದ ಮಿಲ್ಲಿನ ಎದುರು ನಿಂತಿದ್ದೆ. ನೆನಪು ಮೂಗಿನಿಂದ ಬಂದರೆ ನಿಜವೆಂದು ನಂಬುವವರಿದ್ದಾರೆ. ಈ ಮರ ಬಂದದ್ದು ಇಂಡೋನೇಷ್ಯಾದಿಂದ ಎಂದು ಆಮೇಲೆ ಗೊತ್ತಾಯಿತು.

ರಝಾಕ್ ನನ್ನ ಮಾತನ್ನು ಪೂರ್ತಿ ಕೇಳಿದರು. ತುಳುವಿನಲ್ಲೇ ಮಾತಾಡಿದರು.

"ಅಕ್ಕ, ಕುವೈತಿಗೆ ಎಲ್ಲರೂ ದಿನಾರ್ ಹುಡುಕಿಕೊಂಡು ಬರುದು. ಕುಲೆ ಹುಡುಕಿಕೊಂಡು ಬಂದವರು ನೀವೇ ಮೊದಲು." ಕುಲೆ ಎಂದರೆ ನಮ್ಮಲ್ಲಿ ಸತ್ತವರ ಆತ್ಮ.

"ಸಿಕ್ಕಿದರೆ ಊರಿಗೆ ಕರಕೊಂಡು ಹೋಗ್ತೇನೆ."

"ಬ್ಯಾಗೇಜ್ ತೂಕ ಜಾಸ್ತಿ ಆಗುದಿಲ್ಲ, ಅದೊಂದು ಒಳ್ಳೇದು." ಆಮೇಲೆ ಚಹಾದ ಕಪ್ಪನ್ನು ಕೆಳಗಿಟ್ಟು, "ನಿಮ್ಮ ಚಿಕ್ಕಮ್ಮ ಹೇಳುದು ನನಗೆ ಅರ್ಥ ಆಗ್ತದೆ. ನನ್ನ ಬಾಪ ತೀರಿದಾಗ ನಾನು ಇದೇ ಕುರ್ಚಿಯಲ್ಲಿದ್ದೆ. ಫೋನ್ ಬಂತು, ರಜೆ ಸಿಕ್ಕುವಾಗ ಎಲ್ಲ ಮುಗಿದಿತ್ತು. ಈಗಲೂ ಊರಿಗೆ ಹೋದ್ರೆ ನಾನು ಬಾಪನ ಕೋಣೆಯ ಬಾಗಿಲು ತಟ್ಟಿಯೇ ಒಳಗೆ ಹೋಗುದು."

ಅವರ ಕಫೀಲ್, ಅಂದರೆ ಅವರ ಕೆಲಸಕ್ಕೆ ಜವಾಬ್ದಾರನಾದ ಕುವೈತಿ ಧಣಿ, ಹಳೆಯ ಹಡಗಿನ ಮನೆತನದವನು. ಧಣಿಯ ತಂದೆ ಅಬು ನಾಸೆರ್ ಇನ್ನೂ ಇದ್ದಾರೆ. ಅವರ ಅಜ್ಜನ ಹಡಗುಗಳು ನಮ್ಮ ಕರಾವಳಿಗೆ ಬಂದು ಹೋಗುತ್ತಿದ್ದವು, ಅಜ್ಜನ ಕೈಕೆಳಗೆ ಹಿಂದಿಗಳು, ಎಂದರೆ ಇಂಡಿಯಾದವರು, ಇದ್ದರು. "ಕೇಳಿ ನೋಡುವ. ಯಲ್ಲಾ," ಎಂದು ರಝಾಕ್ ಎದ್ದೇಬಿಟ್ಟರು.

ಅಬು ನಾಸೆರ್ ಅವರ ಮನೆ

ರಝಾಕ್ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ನಾನು ಇಳಿದು ಕಂಡ ಬಾಗಿಲಲ್ಲಿ ಒಳಗೆ ಹೋದೆ. ಬಾಗಿಲು ತೆರೆದೇ ಇತ್ತು, ಮೆಟ್ಟಿಲ ಮೇಲೆ ಚಪ್ಪಲಿಗಳಿದ್ದವು. ನಮ್ಮ ಕಡೆ ತೆರೆದ ಬಾಗಿಲು ಮತ್ತು ಚಪ್ಪಲಿ ಎಂದರೆ ಬನ್ನಿ ಎಂದೇ. ಒಳಗೆ ಮೂರು ಗೋಡೆಗಳ ಉದ್ದಕ್ಕೂ ಆಸನ, ಅದರ ತುಂಬ ಬಿಳಿ ಉಡುಪಿನ ಗಂಡಸರು. ನನ್ನನ್ನು ಕಂಡು ಇಡೀ ಸಾಲು ಎದ್ದು ನಿಂತಿತು. ಒಬ್ಬರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಬಹಳ ಮರ್ಯಾದೆಯಿಂದ, ನನ್ನನ್ನು ಮನೆಯ ಇನ್ನೊಂದು ಬಾಗಿಲಿಗೆ ತಲುಪಿಸಿದರು. ಅದು ಗಂಡಸರು ಸಂಜೆ ಸೇರುವ ದಿವಾನಿಯಾ. ನಾಚಿಕೆಯಿಂದ ಸಣ್ಣಗಾದೆ. ಆದರೆ ನಮ್ಮ ಹಳೆ ಮನೆಯ ಚಾವಡಿಗೂ ನನ್ನ ಅಜ್ಜಿ ಗಂಡಸರಿದ್ದಾಗ ಕಾಲಿಡುತ್ತಿರಲಿಲ್ಲ. ಒಳಗಿನಿಂದ ಕೆಮ್ಮಿದರೆ ಇಡೀ ಚಾವಡಿ ಸುಮ್ಮನಾಗುತ್ತಿತ್ತು, ಅದು ಬೇರೆ ಮಾತು.

ಮನೆಯವರ ಕಡೆಯ ಕೋಣೆಗೆ ಅಬು ನಾಸೆರ್ ಕೋಲೂರಿಕೊಂಡು ಬಂದರು. ಹುಡುಗನಾಗಿದ್ದಾಗ ಕೆಲವು ವರ್ಷ ಮುಂಬಯಿಯಲ್ಲಿದ್ದವರು. ಅವರ ಹಿಂದಿ ಪೂರ್ತಿ ಮುಂಬಯಿಯದು. "ಬೈಠೋ, ಬೈಠೋ, ಘರ್ ತುಮ್ಹಾರಾ," ಎಂದರು. ಅವರ ಮಗಳು ಪುಟ್ಟ ಬಟ್ಟಲಿಗೆ ಕಾಫಿ ಸುರಿದಳು. ಮುಗಿಸಿದೆ, ಮತ್ತೆ ಸುರಿದಳು. ಮುಗಿಸಿದೆ, ಮತ್ತೆ. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕೆಂದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಎಲೆಗೆ ಅಡ್ಡ ಕೈ ಹಿಡಿಯುತ್ತೇವೆ. ನಾನು ಬಟ್ಟಲಿಗೆ ಕೈ ಅಡ್ಡ ಹಿಡಿದೆ. ಅವಳು ನನ್ನ ಬೆರಳಿನ ಉಂಗುರ ನೋಡಿ ಚೆನ್ನಾಗಿದೆ ಎಂದು ಹೊಗಳಿ ಪಕ್ಕದಿಂದ ಸುರಿದಳು.

ನಾನು ಪ್ರಶ್ನೆ ಶುರು ಮಾಡಿದೆ. ನಿಮ್ಮ ಅಜ್ಜನ ಬಳಿ ಹಲಗೆಗೆ ಹತ್ತಿ ತುರುಕುವ ಹಿಂದಿಯೊಬ್ಬ ಇದ್ದನೇ? ಇದ್ದ. ಮಂಗಳೂರಿನವನೇ? ಹೌದು, ಮಂಗಳೂರು. ನೀವು ನೋಡಿದ್ದೀರಾ? ಚಿಕ್ಕವನಿದ್ದಾಗ ನೋಡಿದ್ದೇನೆ, ಆಗಲೇ ಮುದುಕ. ಎತ್ತರವಿದ್ದನೇ? ಹಾಂ, ಲಂಬಾ. ಮುಂದಕ್ಕೆ ಸರಿದು ಕೂತೆ. ಇಲ್ಲೇ ಮದುವೆಯಾದನೇ? ಆದ. ಮುಸಲ್ಮಾನನಾದನೇ? ಹಾಂ ಹಾಂ. ಇಲ್ಲೇ ತೀರಿಕೊಂಡನೇ? ಹಾಂ, ಇಧರ್ ಹೀ.

ಸಿಕ್ಕಿತು. ಚಿಕ್ಕಮ್ಮ ಕೇಳಿದ ಬಾಯಿ, ಕೇಳಿದ ಮಾತು. ಸಂತೋಷವಾಗಬೇಕಿತ್ತು. ಆದರೆ ಕಥೆ ಕೈಗೆ ಇಷ್ಟು ಸಲೀಸಾಗಿ ಬಂದಾಗ ನನಗೆ ಅನುಮಾನದ ಹಳೆ ಕಾಯಿಲೆ ಮರುಕಳಿಸುತ್ತದೆ. ಇನ್ನೊಮ್ಮೆ ಕೇಳಿದೆ.

"ನಮ್ಮ ಮನೆಯವರೆಲ್ಲ ಗಿಡ್ಡ. ಅವನೂ ಗಿಡ್ಡ ಇದ್ದನೋ ಏನೋ?"

"ಹಾಂ, ಛೋಟಾ ಥಾ. ಬಹುತ್ ಛೋಟಾ."

"ಒಂದು ವೇಳೆ ಊರಿಗೆ ವಾಪಸ್ ಹೋದನೇ?"

"ಹಾಂ, ವಾಪಸ್ ಭೀ ಗಯಾ," ಎಂದರು ಅಬು ನಾಸೆರ್, ಕರುಣೆಯಿಂದ.

ರಝಾಕ್ ನೆಲ ನೋಡುತ್ತಿದ್ದರು. ನಾನು ಏಳಲು ಹೊರಟೆ. ಆಗ ಮುದುಕರು ನಾನು ಏನೂ ಕೇಳದಿದ್ದರೂ, ಎರಡು ಬೆರಳನ್ನು ಜೋಡಿಸಿ ಗಾಳಿಯಲ್ಲಿ ಏನನ್ನೋ ಚಿಟಿಕೆ ಹಿಡಿದು ತೋರಿಸಿದರು. "ನಮಕ್," ಎಂದರು.

ಕಡಲ ದಂಡೆಯಲ್ಲಿ ಕೆಲಸಗಾರರೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುತ್ತಿದ್ದರಂತೆ. ಒಬ್ಬ ಹಿಂದಿ ಮಾತ್ರ ಸೊಂಟದ ಬಟ್ಟೆಯ ಗಂಟು ಬಿಚ್ಚಿ, ಒಂದು ಚಿಟಿಕೆ ಉಪ್ಪನ್ನು ತಟ್ಟೆಯ ಅಂಚಿಗೆ, ತನ್ನ ಎದುರಿಗೆ, ಇಟ್ಟುಕೊಂಡೇ ಅನ್ನಕ್ಕೆ ಕೈ ಹಾಕುತ್ತಿದ್ದ. ಅನ್ನದಲ್ಲಿ ಉಪ್ಪು ಇದ್ದರೂ. ಅಬು ನಾಸೆರ್ ಅವರ ಅಣ್ಣ ಒಂದು ದಿನ ತಮಾಷೆಗೆ ಆ ಗಂಟನ್ನು ಅಡಗಿಸಿಟ್ಟ. ಉಳಿದವರು ಉಂಡು ಎದ್ದರು. ಅವನು ಬೈಯಲಿಲ್ಲ, ಹುಡುಕಲೂ ಇಲ್ಲ. ತಟ್ಟೆಯ ಎದುರು ಕೈ ಕಟ್ಟಿ ಕೂತೇ ಇದ್ದ.

"ಹೆಸರು?" ಎಂದೆ.

"ಹಿಂದಿ," ಎಂದರು. "ನಾವು ಹಿಂದಿ ಅಂತಲೇ ಕರೆಯುತ್ತಿದ್ದೆವು."

ಗಾಡಿ ಹತ್ತಿ ಹೊರಟೆವು. ಆಮೇಲೆ ರಝಾಕ್, "ಬೇಜಾರು ಮಾಡ್ಕೊಳ್ಬೇಡಿ ಅಕ್ಕ," ಎಂದರು. "ಅವರು ಸುಳ್ಳು ಹೇಳಿದ್ದಲ್ಲ. ಅಷ್ಟು ದೂರದಿಂದ ಮನೆಗೆ ಬಂದವರು ಒಂದು ಕೇಳಿ, ಇವರು ಇಲ್ಲ ಅಂದ್ರೆ, ಬರಿಗೈಯಲ್ಲಿ ಕಳಿಸಿದ ಹಾಗಲ್ವಾ? ನೀವು ದೂಮಜ್ಜ ಹಾರ್ತಿದ್ರಾ ಅಂತ ಕೇಳಿದ್ರೂ ಹಾಂ ಅಂತಿದ್ರು."

"ಹಾಗಾದ್ರೆ ಉಪ್ಪು?"

"ಉಪ್ಪು ನೀವು ಕೇಳ್ಲಿಲ್ಲವಲ್ಲ. ಅದು ಅವರದ್ದೇ."

ಎಲೆಯ ತುದಿಗೆ ಉಪ್ಪು ಹಾಕಿಕೊಂಡು ಉಣ್ಣುವವರು ನಮ್ಮ ಕರಾವಳಿಯ ಉದ್ದಕ್ಕೂ ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ಯಾರು ಬೇಕಾದರೂ ಆ ತಟ್ಟೆಯ ಎದುರು ಕೂತಿರಬಹುದು. ಇದನ್ನು ನಾನು ನನಗೇ ಹಲವು ಸಲ ಹೇಳಿಕೊಂಡೆ. ಆದರೂ ಅವತ್ತಿನಿಂದ ದೂಮಜ್ಜ ಎಂದರೆ ನನ್ನ ಕಣ್ಣಿಗೆ ಕಾಣುವುದು ಮೀನೂ ಅಲ್ಲ, ನಾಯಿಯೂ ಅಲ್ಲ. ಎಲ್ಲರೂ ಎದ್ದು ಹೋದ ತಟ್ಟೆ, ಅದರ ಎದುರು ಕಟ್ಟಿದ ಕೈ.

ಮಹಬೂಲಾ

ಶುಕ್ರವಾರ ಜಯಂತ ಎಲ್ಲರನ್ನೂ ಮಹಬೂಲಾದ ಕಡಲ ದಂಡೆಗೆ ಕರೆದುಕೊಂಡು ಹೋದ. ಎತ್ತರದ ಕಟ್ಟಡಗಳು, ಬಾಲ್ಕನಿಗಳ ತುಂಬ ಕೆಲಸದ ಸಮವಸ್ತ್ರ ನೇತಾಡುತ್ತವೆ. ಅಲ್ಲಿಯ ಕಡಲಿಗೆ ನಮ್ಮದರ ಹಾಗೆ ಸದ್ದಿಲ್ಲ. ತೆರೆ ಬಂದು ತಲುಪುವ ಮುಂಚೆಯೇ ಸುಸ್ತಾಗಿ ಮಲಗುತ್ತದೆ. ದಂಡೆಯ ಮೇಲೆ ಗಂಡಸರು ಒಬ್ಬೊಬ್ಬರೇ ಕೂತು ಫೋನಿನ ಪರದೆಗೆ ಮಾತಾಡುತ್ತಿದ್ದರು. ಪ್ರತಿ ಪರದೆಯಲ್ಲೂ ಒಂದು ಅಡುಗೆಮನೆ.

ನಮ್ಮ ಮಾತು ಕೇಳಿ ಒಬ್ಬ ಹತ್ತಿರ ಬಂದ. ಬೈಂದೂರು ಕಡೆಯವನು, ಕ್ಯಾಂಟೀನಿನಲ್ಲಿ ಅಡುಗೆ ಕೆಲಸ, ಮದುವೆಯಾಗಿ ಒಂದು ತಿಂಗಳಿಗೇ ಹೊರಟು ಬಂದವನಂತೆ. ನಾನು ಯಾಕೆ ಬಂದಿದ್ದೇನೆಂದು ಸುಮತಿ ಹೇಳಿದಾಗ ಅವನು ನಂಬಲಿಲ್ಲ.

"ಎಂತ ಮಾರಾಯ್ರೆ," ಎಂದ, "ನಾವ್ ಇಲ್ಲಿಂದ ಊರಿಗ್ ಹೋಪುದ್ ಯಾವಾಗ ಅಂದೇಳಿ ಕಾಯ್ತಾ ಕೂಕಂಡಿತ್. ನೀವ್ ಊರಿಂದ ಇಲ್ಲಿಗ್ ಬಂದ್ ಹುಡುಕ್ತ್ರಿಯಾ?" ಆಮೇಲೆ ಕೇಳಿದ: "ಅವ್ರು ಹೋಪತಿಗೆ ಎಂತ ಹೇಳಿ ಹೋಯ್ರ್?"

"ಹೋಗಿ ಬರ್ತೇನೆ ಅಂತ."

ಅವನು ಕಡಲ ಕಡೆ ನೋಡಿದ. "ನಾನೂ ಅದನ್ನೇ ಹೇಳಿ ಬಂದದ್ದ್," ಎಂದ.

ಗೋಡೆಯೊಳಗಿನ ಬಯಲು

ಊರಿಗೆ ಹೊರಡುವ ಮುನ್ನಾದಿನ ರಝಾಕ್ ನನ್ನನ್ನು ಪೇಟೆಯ ನಡುವಿನ ಒಂದು ಹಳೆಯ ಕಬರಸ್ತಾನಕ್ಕೆ ಕರೆದೊಯ್ದರು. "ದೂಮಜ್ಜ ನಮ್ಮವರಾಗಿದ್ರೆ ಇಂಥ ಕಡೆ ಇರ್ಬೇಕು," ಎಂದರು. "ಆಗದಿದ್ರೆ ಎಲ್ಲಿ ಅಂತ ನನಗೆ ಗೊತ್ತಿಲ್ಲ. ಕಡಲೇ ಇರ್ಬೇಕು."

ಸುತ್ತ ಗಾಜಿನ ಕಟ್ಟಡಗಳು, ನಡುವೆ ಒಂದು ಗೋಡೆ, ಗೋಡೆಯೊಳಗೆ ಬಯಲು. ಈಗ ಅಲ್ಲಿ ಯಾರನ್ನೂ ಹೂಳುವುದಿಲ್ಲ. ಗೇಟಿಗೆ ಬೀಗ. ಸರಳುಗಳ ನಡುವಿನಿಂದ ನೋಡಿದೆ. ಕಲ್ಲಿಲ್ಲ, ಹೆಸರಿಲ್ಲ. ಕಂದು ಮಣ್ಣು ಅಲ್ಲಲ್ಲಿ ಸ್ವಲ್ಪ ಉಬ್ಬಿದೆ, ಅಲ್ಲಲ್ಲಿ ತಗ್ಗಿದೆ, ಅಷ್ಟೇ. ನಮ್ಮ ಕಡೆ ಇಷ್ಟು ಮಣ್ಣನ್ನು ಒಂದು ಮಳೆಗಾಲ ಸುಮ್ಮನೆ ಬಿಟ್ಟರೆ ಹುಲ್ಲು ಬಂದು ಎಲ್ಲವನ್ನೂ ಮರೆಸುತ್ತದೆ. ಇಲ್ಲಿ ಮರೆಸಲು ಹುಲ್ಲೂ ಇಲ್ಲ.

ಏನಾದರೂ ಅನಿಸಲಿ ಎಂದು ಕಾದೆ. ಬಿಸಿಲು ಅನಿಸಿತು. ಹಿಂದೆ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು. ಈ ಮಣ್ಣಿನಲ್ಲಿ ಅವನಿದ್ದರೆ ಚಿಕ್ಕಮ್ಮನಿಗೆ ಏನು ಹೇಳಬೇಕು, ಇಲ್ಲದಿದ್ದರೆ ಏನು ಹೇಳಬೇಕು ಎಂದು ಯೋಚಿಸುತ್ತ, ಯಾರದೋ ಸಾವಿನ ಮನೆಯ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದೆ. ಅಬು ನಾಸೆರ್ ಹಾಂ ಎಂದದ್ದನ್ನು ಹಾಗೆಯೇ ಒಯ್ದು ಕೊಟ್ಟರೆ ಸಾಕಿತ್ತು. ಅದು ಬಾಯಿಂದ ಬಂದ ಮಾತೇ. ಸುಳ್ಳೆಂದು ಯಾರೂ ಸಾಧಿಸಲಾರರು. ಒಯ್ದು ಕೊಡುವುದೆಂದು ನಿರ್ಧರಿಸಿಯೂ ಬಿಟ್ಟೆ.

"ಖಲಾಸ್? ಹೊರಡುವಾ ಅಕ್ಕ?" ಎಂದರು ರಝಾಕ್.

ಗೇಟಿನ ಸರಳಿನಿಂದ ಕೈ ತೆಗೆದು, ತಿರುಗಿ, "ಬರ್ಪೆ, ಆವಾ?" ಎಂದೆ.

ಬರ್ತೇನೆ, ಆಯ್ತಾ. ಯಾವ ಮನೆಯಿಂದ ಹೊರಟರೂ ನಾವು ಹೇಳುವ ಮಾತು. ಹೇಳಬಾರದ್ದು ಒಂದೇ ಕಡೆ. ಸಾವಿನ ಮನೆಯಿಂದ, ಸ್ಮಶಾನದಿಂದ, ಹೇಳದೆ ಕೇಳದೆ, ಹಿಂದೆ ತಿರುಗಿ ನೋಡದೆ ಬರಬೇಕು. ಇದು ಮಕ್ಕಳಿಗೂ ಗೊತ್ತು. ಅಲ್ಲಿ ನಾಲಗೆ ಕಚ್ಚಿಕೊಳ್ಳುವುದನ್ನು ನಾವು ನಡೆಯಲು ಕಲಿತ ಹಾಗೆ ಕಲಿತಿರುತ್ತೇವೆ.

ರಝಾಕ್ ನನ್ನ ಮುಖ ನೋಡಿದರು. "ಯಾರಿಗೆ ಹೇಳಿದ್ದು?"

ನಾನು ಗಾಡಿಯ ಕಡೆ ನಡೆದೆ.

ಖೈತಾನ್, ಮತ್ತೆ

ಸಂಜೆ ಸುಮತಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಳು. ಪರದೆಯಲ್ಲಿ ಚಿಕ್ಕಮ್ಮನ ಹಣೆ ಮತ್ತು ಮನೆಯ ಮಾಡು ಕಾಣಿಸಿತು.

ನಾನು ಅಬು ನಾಸೆರ್ ಹೇಳಿದ್ದನ್ನು ಹೇಳಿದೆ, ತೀರಿಕೊಂಡ ಎಂಬಲ್ಲಿಗೆ ನಿಲ್ಲಿಸುವುದೆಂದು ಅಂದುಕೊಂಡಿದ್ದೆ. ನಿಲ್ಲಲಾಗಲಿಲ್ಲ. ಎತ್ತರ, ಗಿಡ್ಡ, ವಾಪಸ್ ಹೋದದ್ದು, ಉಪ್ಪು, ಬೀಗ ಹಾಕಿದ ಗೇಟು, ಎಲ್ಲವೂ ಬಂತು. ಕೊನೆಗೆ ನಾಲಗೆಯ ತಪ್ಪನ್ನೂ ಹೇಳಿದೆ.

ಪರದೆ ನಿಂತುಹೋಯಿತೆಂದು ಸುಮತಿ ಫೋನನ್ನು ತಟ್ಟಿದಳು.

"ತಟ್ಟಬೇಡ, ಇದ್ದೇನೆ," ಎಂದಳು ಚಿಕ್ಕಮ್ಮ. ಆಮೇಲೆ ನನಗೆ: "ಬರ್ತೇನೆ ಅಂದಿಯಾ?"

"ಬಾಯಿ ತಪ್ಪಿ ಚಿಕ್ಕಮ್ಮ."

"ಸತ್ತವರ ಎದುರು ನಮ್ಮವರ ಬಾಯಿ ತಪ್ಪುದಿಲ್ಲ. ನಿನ್ನಮ್ಮನನ್ನು ಸುಟ್ಟು ಬಂದ ದಿನ ನಿನ್ನ ಬಾಯಿ ತಪ್ಪಿತಾ?"

ತಪ್ಪಿರಲಿಲ್ಲ.

"ಹಾಗಾದ್ರೆ ನಿನಗೇ ನಂಬಿಕೆ ಬರ್ಲಿಲ್ಲ. ನಿನಗೆ ಬಾರದ್ದು ನನಗೆ ಹೇಗೆ ಬರ್ಬೇಕು?" ಅವಳ ದನಿಯಲ್ಲಿ ಬೇಸರವಿತ್ತೇ, ಹಗುರವಿತ್ತೇ? ಹಗುರವಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಮುಖ ಪೂರ್ತಿ ಕಾಣುತ್ತಿರಲಿಲ್ಲ, ಆದ್ದರಿಂದ ಬಿಡುತ್ತೇನೆ. ಅವಳು ಮುಂದೆ ಕೇಳಿದ್ದು ಮಾತ್ರ ಸರಿಯಾಗಿ ನೆನಪಿದೆ.

"ಉಪ್ಪು ತಟ್ಟೆಯ ಯಾವ ಕಡೆ ಇಟ್ಟುಕೊಳ್ತಿದ್ರಂತೆ?"

"ಅದು ಕೇಳ್ಲಿಲ್ಲ."

"ಮುಖ್ಯವಾದ್ದನ್ನು ನೀನು ಯಾವತ್ತೂ ಕೇಳುದಿಲ್ಲ."

ಬಾಗಿಲ ಬಳಿ ನಿಂತಿದ್ದ ದಿಶಾ, "ವೇಟ್, ಸೋ ಹೀ ಈಸ್ ನಾಟ್ ಡೆಡ್?" ಎಂದಳು. ಸುಮತಿ ಅವಳಿಗೆ ಉತ್ತರ ಹೇಳಲು ಬಾಯಿ ತೆರೆದಳು. ಆಮೇಲೆ ನನ್ನನ್ನು ನೋಡಿದಳು.

ಆಟಿ

ಈ ವರ್ಷ ಆಟಿಗೆ ಸುಮತಿ ರಜೆ ಹಾಕಿ ಮಗಳೊಂದಿಗೆ ಬಂದಳು. ಒಳಕೋಣೆಯಲ್ಲಿ ಎಲೆಗಳನ್ನು ಅವಳೇ ಹಾಸಿದಳು. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಇತ್ತ, ಅತ್ತ, ನೇರ, ಎಂದು ಹೇಳುತ್ತಿದ್ದಳು. ಅನ್ನ, ಕೋಳಿ, ಶೇಂದಿ. ನನ್ನ ಅಮ್ಮನ ಎಲೆಗೆ ಕಾಲಿನ ತುಂಡು. ಸಾಲಿನ ಕೊನೆಗೆ, ತುಸು ಬಿಟ್ಟು, ದೂಮಜ್ಜನ ಎಲೆ. ಸುಮತಿ ಅದನ್ನು ನೀರು ಚಿಮುಕಿಸಿ ಒರೆಸಿ ಹಿಂದೆ ಸರಿದಳು.

"ನನ್ನನ್ನು ಎಬ್ಬಿಸಿ," ಎಂದಳು ಚಿಕ್ಕಮ್ಮ.

ನಾವಿಬ್ಬರು ಹಿಡಿದುಕೊಂಡೆವು. ಅವಳು ಅಡುಗೆಮನೆಗೆ ಹೋಗಿ ಭರಣಿಗೆ ಕೈ ಹಾಕಿ, ಮರಳಿ ಬಂದು, ಮಡಚದ ಮೊಣಕಾಲಿನಲ್ಲಿ ಒಂದು ಬದಿಗೆ ಬಾಗಿ, ಆ ಖಾಲಿ ಎಲೆಯ ತುದಿಯಲ್ಲಿ ಎಡಕ್ಕೆ ಒಂದು ಚಿಟಿಕೆ ಕಲ್ಲುಪ್ಪು ಇಟ್ಟಳು. ಇಷ್ಟು ವರ್ಷಗಳಲ್ಲಿ ಆ ಎಲೆಗೆ ಬಿದ್ದ ಮೊದಲ ಪದಾರ್ಥ. ಸತ್ತವರಿಗೆ ಹಾಕದ್ದು.

ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಮಕ್ಕಳು ಹಸಿವೆಂದು ಗೊಣಗಿದರು. ಹೊರಗೆ ಕಡಲು ಎಂದಿನ ಹಾಗೆ ದಡವನ್ನು ಬಡಿಯುತ್ತಿತ್ತು. ಆಮೇಲೆ ಚಿಕ್ಕಮ್ಮ ಎರಡು ಸಲ ಕೆಮ್ಮಿದಳು. ಒಳಗಿದ್ದವರಿಗೆ ಎಚ್ಚರಿಕೆ, ಬಾಗಿಲು ತೆರೆಯುತ್ತೇವೆ ಎಂದು. ತೆರೆದೆವು. ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಆಟಿಯ ತೇವದ ಥಂಡಿಗೆ ಉಪ್ಪು ಮಾತ್ರ ಕರಗತೊಡಗಿತ್ತು. ಅದರಿಂದ ಒಂದು ಎಳೆ ನೀರು ಎಲೆಯ ಗೆರೆ ಹಿಡಿದು ನಡುವಿನ ದಂಟಿನ ತನಕ ಬಂದು ನಿಂತಿತ್ತು.

ಸುಮತಿ ಒಂದೊಂದೇ ಎಲೆ ಎತ್ತಿ ಮಕ್ಕಳಿಗೆ ಪ್ರಸಾದ ಹಂಚತೊಡಗಿದಳು. ದಿಶಾ ಸಹಾಯಕ್ಕೆ ಬಗ್ಗಿ ಕೊನೆಯ ಎಲೆಯ ಅಂಚನ್ನು ಹಿಡಿದಳು.

"ಅದನ್ನು ಬಿಡು ಮಗಾ," ಎಂದಳು ಚಿಕ್ಕಮ್ಮ. "ಉಣ್ಲಿಕ್ಕೆ ಕೂತವರ ಎದುರಿಂದ ಎಲೆ ಎತ್ತುದುಂಟಾ?"